ಪುಸ್ತಕ ಪೂರ್ತಿ ಓದೋಣ: ಮನೆಯ ಸತ್ಯವೇದ ಅಧ್ಯಯನಕ್ಕೊಂದು ಪ್ರಣಾಳಿಕೆ

ಯೋಬನ ಪುಸ್ತಕದ 8ನೆಯ ಅಧ್ಯಾಯ, 7ನೆಯ ವಚನ ನಮ್ಮ ಜನಕ್ಕೆ ಬಲು ಪ್ರಿಯ. ಆರಂಭ ಅಲ್ಪವಾದರೂ ಮುಂದೆ ಏಳಿಗೆಯಾಗುತ್ತದೆ ಎಂಬ ಅರ್ಥದ ಆ ಮಾತನ್ನು ಹೊಸ ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆ, ಗೃಹಪ್ರವೇಶದ ಕಾರ್ಡಿನಲ್ಲಿ, ಹೊಸ ವರ್ಷದ ವಾಗ್ದಾನದ ಚೀಟಿಯಲ್ಲಿ ನೀವೂ ನೋಡಿರಬಹುದು. ಇದನ್ನು ಹೇಳಿದವರು ಯಾರು ಎಂದು ಕೇಳಿ ನೋಡಿ. "ದೇವರು" ಎಂಬ ಉತ್ತರ ಥಟ್ಟನೆ ಬರುತ್ತದೆ.

ಹೇಳಿದವನು ಶೂಹ್ಯನಾದ ಬಿಲ್ದದ. ಹತ್ತು ಮಕ್ಕಳನ್ನು ಒಂದೇ ದಿನ ಕಳೆದುಕೊಂಡು, ಮೈತುಂಬ ಹುಣ್ಣೆದ್ದು, ಬೂದಿಯಲ್ಲಿ ಕೂತ ಗೆಳೆಯನಿಗೆ ಹೇಳಿದ್ದು. ಮೂರೇ ವಚನ ಮೇಲಕ್ಕೆ ಹೋದರೆ ಅದೇ ಬಾಯಿಂದ, ನಿನ್ನ ಮಕ್ಕಳು ಪಾಪ ಮಾಡಿದ್ದಕ್ಕೇ ದೇವರು ಅವರನ್ನು ಶಿಕ್ಷೆಗೆ ಒಪ್ಪಿಸಿರಬೇಕು ಎಂಬ ಮಾತೂ ಬಂದಿದೆ. ಅದನ್ನು ಯಾರೂ ಅಂಗಡಿಯಲ್ಲಿ ತೂಗುಹಾಕುವುದಿಲ್ಲ. ಇನ್ನು 42ನೆಯ ಅಧ್ಯಾಯಕ್ಕೆ ಬಂದರೆ ದೇವರು ಬಿಲ್ದದನ ಮೇಲೂ ಅವನ ಇಬ್ಬರು ಜೊತೆಗಾರರ ಮೇಲೂ ಕೋಪಗೊಂಡು, ನನ್ನ ವಿಷಯದಲ್ಲಿ ನೀವು ಸರಿಯಾಗಿ ಮಾತಾಡಲಿಲ್ಲ ಎಂದು ಛೀಮಾರಿ ಹಾಕುತ್ತಾನೆ. ಏಳು ಹೋರಿ, ಏಳು ಟಗರು ಹಿಡಿದುಕೊಂಡು ಯೋಬನ ಹತ್ತಿರ ಹೋಗಿ, ಅವನಿಂದಲೇ ಪ್ರಾರ್ಥನೆ ಮಾಡಿಸಿಕೊಳ್ಳಿ ಎನ್ನುತ್ತಾನೆ. ಕೊನೆಗೆ ಯೋಬನ ಸ್ಥಿತಿ ಮೊದಲಿಗಿಂತ ಚೆನ್ನಾಯಿತಲ್ಲವೇ ಎಂದು ನೀವು ಕೇಳಬಹುದು. ಆಯಿತು, ಆದರೆ ಬಿಲ್ದದ ಕೊಟ್ಟ ಕಾರಣದಿಂದಂತೂ ಅಲ್ಲ. ಆ ಕಾರಣವೇ ತಪ್ಪು ಎಂದು ತೋರಿಸಲಿಕ್ಕೆ ಇಡೀ ಪುಸ್ತಕ 42 ಅಧ್ಯಾಯಗಳ ಉದ್ದಕ್ಕೂ ಹೆಣಗಾಡುತ್ತದೆ. ನಾವು ಅದರೊಳಗಿಂದ ಒಂದು ವಚನ ಕಿತ್ತು, ಚೌಕಟ್ಟು ಹಾಕಿ, ಗೋಡೆಗೆ ಮೊಳೆ ಹೊಡೆದೆವು.

ವಚನ ಬಾಯಿಪಾಠ ಇದ್ದರೆ ಸಾಲದು ಎನ್ನುವುದಕ್ಕೆ ಸುವಾರ್ತೆಯಲ್ಲೇ ಸಾಕ್ಷಿಯಿದೆ. ಯೇಸುವನ್ನು ದೇವಾಲಯದ ಶಿಖರಕ್ಕೆ ಕರೆದೊಯ್ದ ಸೈತಾನನಿಗೆ 91ನೆಯ ಕೀರ್ತನೆ ಚೆನ್ನಾಗಿ ಗೊತ್ತಿತ್ತು.

ಈ ಕಾರಣಕ್ಕೇ ನಾವು ಕೆಲವು ಮನೆಗಳವರು ಸೇರಿ ಈ ಪ್ರಣಾಳಿಕೆಯನ್ನು ಮುಂದಿಡುತ್ತಿದ್ದೇವೆ. ನಮ್ಮಲ್ಲಿ ಶಾಲಾ ಮಾಸ್ತರರಿದ್ದಾರೆ, ನರ್ಸುಗಳಿದ್ದಾರೆ, ಬಟ್ಟೆ ಹೊಲಿಯುವವರು, ರೈಲ್ವೆಯಿಂದ ನಿವೃತ್ತರಾದವರು, ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಕ್ಕಳು ಇದ್ದಾರೆ. ಸಿಎಸ್‌ಐನವರು, ಮೆಥೋಡಿಸ್ಟರು, ಕಥೋಲಿಕರು, ಪೆಂಟೆಕೋಸ್ತರು ಎಲ್ಲರೂ ಉಂಟು. ದೇವಜ್ಞಾನ ಕಾಲೇಜಿನ ಮೆಟ್ಟಿಲು ಹತ್ತಿದವರು ಒಬ್ಬರೂ ಇಲ್ಲ. ಈ ಚಳವಳಿಗೆ ಬೇಕೆಂದೇ ಹೆಸರಿಟ್ಟಿಲ್ಲ. ಹೆಸರಿಟ್ಟರೆ ಬ್ಯಾನರ್ ಬರುತ್ತದೆ, ಬ್ಯಾನರಿನ ಹಿಂದೆ ಅಧ್ಯಕ್ಷರು ಬರುತ್ತಾರೆ, ಅಧ್ಯಕ್ಷರ ಹಿಂದೆ ಜಗಳ ಬರುತ್ತದೆ. ಇದನ್ನು ನಮ್ಮ ಸಭೆಗಳಲ್ಲಿ ಸಾಕಷ್ಟು ಕಂಡಿದ್ದೇವೆ.

ನಾವು ಹೇಳುವುದು ಇಷ್ಟು: ಸತ್ಯವೇದವನ್ನು ಬಿಡಿ ವಚನಗಳ ಚೀಲವೆಂದು ಕಾಣುವುದನ್ನು ಬಿಟ್ಟು, ಒಂದೊಂದು ಪುಸ್ತಕವನ್ನೂ ಮೊದಲಿನಿಂದ ಕೊನೆಯವರೆಗೆ, ಮನೆಯವರೆಲ್ಲ ಕೂತು, ಪ್ರಶ್ನೆ ಕೇಳುತ್ತಾ ಓದಬೇಕು. ಈ ಕೆಲಸ ಸಾಮಾನ್ಯ ವಿಶ್ವಾಸಿಗಳ ಕೈಲಿ ಆಗುತ್ತದೆ. ಕೆಲವು ಸಂಗತಿಗಳಲ್ಲಿ ಪಂಡಿತರಿಗಿಂತ ಚೆನ್ನಾಗಿಯೇ ಆಗುತ್ತದೆ.

ಪುಸ್ತಕಕ್ಕೆ ನಮ್ಮ ಮನೆಗಳಲ್ಲಿ ಬರವಿಲ್ಲ. ಮದುವೆಯಲ್ಲಿ ಬಂದದ್ದೊಂದು, ದೃಢೀಕರಣಕ್ಕೆ ಕೊಟ್ಟದ್ದೊಂದು, ಅಜ್ಜನ ಕಾಲದ್ದೊಂದು, ಮೊಬೈಲಿನಲ್ಲಿ ಮತ್ತೊಂದು. ಭಾನುವಾರ ಜಿಪ್ ಕವರಿನೊಳಗೆ ಆರಾಧನೆಗೆ ಹೋಗಿ ಬಂದು ಅಲ್ಮೇರಾದ ಮೇಲೆ ಕೂರುತ್ತದೆ. ಸಂಜೆ ಒಂದು ಕೀರ್ತನೆ, ಒಂದು ಪ್ರಾರ್ಥನೆ, ಕರ್ತನು ಕಲಿಸಿದ ಪ್ರಾರ್ಥನೆ, ಆಮೆನ್. ಈ ಕುಟುಂಬ ಪ್ರಾರ್ಥನೆಯನ್ನು ನಾವು ಹಗುರವಾಗಿ ಕಾಣುತ್ತಿಲ್ಲ. ನಮ್ಮನ್ನು ಬೆಳೆಸಿದ್ದೇ ಅದು. ಆದರೆ ಐವತ್ತು ವರ್ಷ ಹೀಗೆ ಓದಿದವರಿಗೂ ಆಮೋಸ ಯಾರಿಗೆ ಬೈದ, ಯಾಕೆ ಬೈದ ಎಂಬುದು ಗೊತ್ತಿಲ್ಲ. ಅರ್ಥ ಹೇಳುವ ಕೆಲಸವನ್ನೆಲ್ಲ ಅಯ್ಯನವರಿಗೆ, ಉಜ್ಜೀವನ ಕೂಟದ ಪ್ರಸಂಗಿಗಳಿಗೆ, ಈಗ ಯೂಟ್ಯೂಬಿನವರಿಗೆ ಗುತ್ತಿಗೆ ಕೊಟ್ಟು ನಾವು ನಿಶ್ಚಿಂತರಾಗಿದ್ದೇವೆ.

ಮನೆಯ ಅಧ್ಯಯನ ಯಾವುದೋ ಹೊಸ ಪಂಗಡದ ಉಪಾಯವೆಂದು ಅನುಮಾನಿಸುವ ಹಿರಿಯರಿಗೆ ನಮ್ಮ ಸಭೆಗಳ ಚರಿತ್ರೆಯನ್ನೇ ನೆನಪಿಸುತ್ತೇವೆ. 1670ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ ಫಿಲಿಪ್ ಯಾಕೊಬ್ ಸ್ಪೇನರ್ ಎಂಬ ಸಭಾಪಾಲಕರು ತಮ್ಮ ಮನೆಯಲ್ಲಿ ಜನರನ್ನು ಕೂಡಿಸಿ ಓದಿಸಲು, ಮಾತಾಡಿಸಲು ಶುರುಮಾಡಿದರು. 1675ರಲ್ಲಿ ಅವರು ಬರೆದ ಪುಸ್ತಕದ ಮೊದಲ ಸಲಹೆಯೇ ಇದು: ಆರಾಧನೆಯಲ್ಲಿ ಓದುವ ಭಾಗಗಳು ಇಡೀ ಸತ್ಯವೇದದ ಸಣ್ಣ ಚೂರು ಮಾತ್ರ, ಆದ್ದರಿಂದ ಮನೆಮನೆಗಳಲ್ಲಿ ಅದನ್ನು ದಿನವೂ ಓದಬೇಕು, ಪುಸ್ತಕದ ಮೇಲೆ ಪುಸ್ತಕ ಓದಬೇಕು, ಜನ ಕೂಡಿ ಅದರ ಬಗ್ಗೆ ಮಾತಾಡಬೇಕು. ಆಗಲೂ ವಿರೋಧ ಬಂತು. ಸಭೆ ಒಡೆಯುತ್ತದೆ, ಚಮ್ಮಾರ ನೇಕಾರರೆಲ್ಲ ಬೋಧಕರಾಗುತ್ತಾರೆ ಎಂಬ ಗುಲ್ಲೆದ್ದಿತು. ಆದರೂ ಆ ಕೂಟಗಳು ಹಬ್ಬಿದವು. ವ್ಯೂರ್ಟೆಂಬರ್ಗ್ ಸೀಮೆಯಲ್ಲಂತೂ 1743ರಲ್ಲಿ ಸರ್ಕಾರವೇ ಕೆಲವು ಷರತ್ತು ಹಾಕಿ ಅವಕ್ಕೆ ಒಪ್ಪಿಗೆ ಕೊಟ್ಟಿತು. ರೈತರು, ಕುಶಲಕರ್ಮಿಗಳು ಸಂಜೆ ಕೆಲಸ ಮುಗಿಸಿ ಅಡುಗೆಮನೆಯ ಮೇಜಿನ ಸುತ್ತ ಕೂತು ಓದುತ್ತಿದ್ದ ಆ ವಾತಾವರಣದಿಂದಲೇ 1815ರಲ್ಲಿ ಬಾಸೆಲ್ ಮಿಷನ್ ಹುಟ್ಟಿತು, ಅಲ್ಲಿಂದಲೇ ಅದಕ್ಕೆ ಜನ ಬಂದರು. 1834ರಲ್ಲಿ ಮಂಗಳೂರಿಗೆ ಮೂವರು ಬಂದಿಳಿದರು. ಆಮೇಲೆ ಬಂದು 1843ರಲ್ಲಿ "ಮಂಗಳೂರ ಸಮಾಚಾರ" ಹೊರಡಿಸಿದ ಹರ್ಮನ್ ಮೋಗ್ಲಿಂಗ್ ಅದೇ ವ್ಯೂರ್ಟೆಂಬರ್ಗಿನವರು. ಕರಾವಳಿಯಿಂದ ಧಾರವಾಡ, ಹುಬ್ಬಳ್ಳಿ, ಬೆಟಗೇರಿಯವರೆಗಿನ ನಮ್ಮ ಹಳೆಯ ಸಭೆಗಳ ಬೇರು ಹೋಗಿ ಮುಟ್ಟುವುದು ಹೀಗೆ ಒಂದು ಮನೆಯ ಓದಿಗೆ.

ಬಳ್ಳಾರಿಯ ಕಥೆಯೂ ಇದೆ. 1810ರಲ್ಲಿ ಅಲ್ಲಿ ನೆಲೆಸಿದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ವರ್ಷಗಟ್ಟಲೆ ಕೂತು ಅನುವಾದ ಮಾಡಿದ ಮೇಲೆ 1831ರಲ್ಲಿ ಪೂರ್ತಿ ಸತ್ಯವೇದ ಕನ್ನಡದಲ್ಲಿ ಅಚ್ಚಾಯಿತು. ಕನ್ನಡದಲ್ಲಿ ಮೊದಮೊದಲು ಅಚ್ಚಾದ ಪುಸ್ತಕಗಳಲ್ಲಿ ಅದೂ ಒಂದು. ಅಷ್ಟು ಕಷ್ಟಪಟ್ಟು ತಿರುಗಿಸಿ ಅಚ್ಚು ಹಾಕಿದ್ದು ಅಲ್ಮೇರಾದ ಮೇಲಿಡಲಿಕ್ಕಲ್ಲ. ಕಥೋಲಿಕ ಬಂಧುಗಳಿಗೆ ಒಂದು ಮಾತು: ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಹೊರಡಿಸಿದ ದೈವಪ್ರಕಟಣೆಯ ದಸ್ತಾವೇಜು, ಎಲ್ಲ ಭಕ್ತರೂ ಪವಿತ್ರ ಗ್ರಂಥವನ್ನು ಮತ್ತೆ ಮತ್ತೆ ಓದಬೇಕೆಂದು ಒತ್ತಾಯಿಸಿದೆ. ನಿಮ್ಮಲ್ಲಿ 73 ಪುಸ್ತಕಗಳು, ನಮ್ಮಲ್ಲಿ ಉಳಿದವರಿಗೆ 66. ಸಮನಾಗಿರುವ 66ನ್ನು ಓದಿ ಮುಗಿಸುವಷ್ಟರಲ್ಲಿ ಉಳಿದ ಏಳರ ಬಗ್ಗೆ ಜಗಳವಾಡುವ ಚಪಲ ತೀರಿರುತ್ತದೆ.

ಹಕ್ಕಲಿನ ಹೊಲದಲ್ಲಿ

ಹೇಗೆ ಓದಬೇಕು ಎಂಬುದನ್ನು ಬೋಧಿಸುವ ಬದಲು ಒಂದು ಪುಸ್ತಕ ಓದಿದ ಬಗೆಯನ್ನೇ ಹೇಳುತ್ತೇವೆ. ರೂತಳ ಪುಸ್ತಕ. ನಾಲ್ಕೇ ಅಧ್ಯಾಯ, 85 ವಚನ. ಮದುವೆಯ ಪ್ರಸಂಗದಲ್ಲಿ ಅತ್ತೆ-ಸೊಸೆಯ ಅನ್ಯೋನ್ಯತೆಗೆಂದು ಅದರಿಂದ ಒಂದೆರಡು ವಚನ ತೆಗೆಯುವುದು ರೂಢಿ. ಇಡೀ ಕಥೆ ಎಷ್ಟು ಜನರಿಗೆ ಗೊತ್ತು?

ಮೊದಲ ಸಲ ಎಲ್ಲೂ ನಿಲ್ಲದೆ, ಗಟ್ಟಿಯಾಗಿ, ಒಬ್ಬರಾದ ಮೇಲೆ ಒಬ್ಬರು ಓದಿದೆವು. ಅರ್ಧ ಗಂಟೆಯೂ ಹಿಡಿಯಲಿಲ್ಲ. ಬರ ಬಿದ್ದು ಬೇತ್ಲೆಹೇಮಿನಿಂದ ಮೋವಾಬಿಗೆ ಗುಳೆ ಹೋದ ಸಂಸಾರ, ಅಲ್ಲಿ ಸತ್ತ ಮೂವರು ಗಂಡಸರು, ಬರಿಗೈಲಿ ಮರಳಿದ ನೊವೊಮಿ, ಬೆನ್ನಿಗೆ ಬಂದ ಪರದೇಶದ ಸೊಸೆ ರೂತಳು. ಗುಳೆ ಎಂದರೇನೆಂದು ಉತ್ತರ ಕರ್ನಾಟಕದ ಮನೆಯವರಿಗೆ ವಿವರಿಸುವ ಅಗತ್ಯ ಬೀಳಲಿಲ್ಲ. ಎರಡನೆಯ ಸಲ ಪೆನ್ಸಿಲ್ ಹಿಡಿದು 2ನೆಯ ಅಧ್ಯಾಯಕ್ಕೆ ಬಂದಾಗ, ಅಷ್ಟು ಹೊತ್ತು ಸುಮ್ಮನಿದ್ದ ಒಬ್ಬ ಅಜ್ಜಿ ಬಾಯಿ ಬಿಟ್ಟರು. ಗದಗದ ಕಡೆಯವರು. ಅಕ್ಷರ ಬಾರದು. ಎಳೆಯ ವಯಸ್ಸಿನಲ್ಲಿ ಕೊಯ್ಲಾದ ಹೊಲಗಳಲ್ಲಿ ಜೋಳದ ತೆನೆ, ಶೇಂಗಾದ ಹಕ್ಕಲು ಆರಿಸಿ ಬೆಳೆದವರು.

"ಹಕ್ಕಲಾ ಆರಿಸಾಕ ಹೋದ ಹುಡುಗಿಗೆ ಹೊಲದಾಗ ಕಾಟ ಕೊಡೋರು ಇದ್ದ ಇರ್ತಾರ್ರಿ. ಅದಕ್ಕ ಅತ್ತಿ ಹೇಳ್ತಾಳ ನೋಡ್ರಿ, ಬ್ಯಾರೆ ಹೊಲಕ್ಕ ಹೋಗಬ್ಯಾಡ ಅಂತ" ಎಂದರು.

ಹಿಂದಿರುಗಿ ನೋಡಿದೆವು. ನೊವೊಮಿ ಹಾಗೆಂದದ್ದು 22ನೆಯ ವಚನದಲ್ಲಿದೆ. ರೂತಳ ಮೈಮುಟ್ಟಬಾರದೆಂದು ಹೊಲದೊಡೆಯ ಬೋವಜ ತನ್ನ ಆಳುಗಳಿಗೆ ಕಟ್ಟಪ್ಪಣೆ ಮಾಡಿದ್ದು 9ನೆಯ ವಚನದಲ್ಲಿದೆ. ಎಷ್ಟೋ ಪ್ರಸಂಗ ಕೇಳಿದ ನಮ್ಮ ಕಣ್ಣಿಗೆ ಅದು ಬಿದ್ದಿರಲಿಲ್ಲ. ಅಜ್ಜಿ ಅಲ್ಲಿಗೇ ಬಿಡಲಿಲ್ಲ. ರೂತಳು ಸಂಜೆಗೆ ಬಡಿದು ತಂದ ಜವೆಗೋದಿ ಎಷ್ಟು ಎಂದು ಕೇಳಿದರು. ಒಂದು ಏಫ, ಅಂದರೆ 20 ಲೀಟರಿಗೂ ಹೆಚ್ಚು ಎಂದೆವು. "ಒಂದ ದಿನದ ಹಕ್ಕಲಿನಾಗ ಅಷ್ಟ ಸಿಗಂಗಿಲ್ರಿ. ಬೇಕಂತನ ಯಾರೋ ಬಿಟ್ಟಾರ." 16ನೆಯ ವಚನದಲ್ಲಿ ಬೋವಜ ಆಳುಗಳಿಗೆ ಹೇಳಿದ್ದೂ ಅದನ್ನೇ: ಕಟ್ಟಿನಿಂದ ಒಂದಿಷ್ಟು ಎಳೆದು ಅವಳಿಗಾಗಿ ಬಿಡಿ.

ಮೂರನೆಯ ಸಲ ಪುಟದಡಿಯ ಹೋಲಿಕೆ ವಚನಗಳ ಬೆನ್ನು ಹತ್ತಿದೆವು. ಅವು ಯಾಜಕಕಾಂಡ 19ಕ್ಕೂ 23ಕ್ಕೂ ಧರ್ಮೋಪದೇಶಕಾಂಡ 24ಕ್ಕೂ ಕರೆದೊಯ್ದವು. ಹೊಲದ ಅಂಚನ್ನು ಪೂರ್ತಿ ಕೊಯ್ಯಬಾರದು, ಮರೆತ ಸಿವುಡಿಗೆ ಹಿಂದಿರುಗಬಾರದು, ಅದು ಪರದೇಶಿಗೆ, ತಬ್ಬಲಿಗೆ, ವಿಧವೆಗೆ ಸೇರಿದ್ದು ಎಂಬ ಕಟ್ಟಳೆ ಅಲ್ಲಿದೆ. ರೂತಳು ಪರದೇಶಿಯೂ ಹೌದು, ವಿಧವೆಯೂ ಹೌದು. ಪ್ರತಿ ಜನವರಿಯಲ್ಲಿ ಆದಿಕಾಂಡದಿಂದ ಹೊರಟವರು ಬಂದು ಹೂತುಕೊಳ್ಳುವ ಯಾಜಕಕಾಂಡ ಹೀಗೆ ಜೀವಂತವಾಯಿತು. ಅಷ್ಟರಲ್ಲಿ ಪಿಯುಸಿ ಓದುವ ಹುಡುಗನೊಬ್ಬ ಧರ್ಮೋಪದೇಶಕಾಂಡ 23ರಲ್ಲಿ ಇನ್ನೊಂದನ್ನು ಕಂಡುಹಿಡಿದ: ಮೋವಾಬ್ಯರು ಹತ್ತನೆಯ ತಲೆಮಾರಿನವರೆಗೂ ಯೆಹೋವನ ಸಭೆಗೆ ಸೇರಕೂಡದು. "ಹಾಗಾದರೆ ಇವಳು ಒಳಗೆ ಬಂದದ್ದು ಹೇಗೆ?" ಎಂದು ಕೇಳಿದ. ರೂತಳ ಪುಸ್ತಕ ಮುಗಿಯುವುದು ವಂಶಾವಳಿಯಲ್ಲಿ, ಅವಳ ಮರಿಮಗ ದಾವೀದ. ಮತ್ತಾಯನ ಮೊದಲ ಅಧ್ಯಾಯದ 5ನೆಯ ವಚನದಲ್ಲಿ ಯೇಸುವಿನ ವಂಶದಲ್ಲೂ ಅವಳ ಹೆಸರಿದೆ. ಹುಡುಗನ ಪ್ರಶ್ನೆಗೆ ಆವತ್ತು ಉತ್ತರ ಸಿಗಲಿಲ್ಲ. ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆವು, ಅದು ಇನ್ನೂ ಅಲ್ಲೇ ಇದೆ. ಆಮೇಲೆ ಸಿಕ್ಕ ಉತ್ತರಗಳು ಎರಡು ಮೂರು, ಯಾವುದೂ ಎಲ್ಲರಿಗೂ ಒಪ್ಪಿಗೆಯಾಗಿಲ್ಲ.

ಪಂಡಿತರಿಗಿಂತ ಚೆನ್ನಾಗಿ ಎಂದು ನಾವು ಮೇಲೆ ಹೇಳಿದ್ದು ಇಂಥದ್ದಕ್ಕೆ. ಸತ್ಯವೇದದ ತುಂಬ ಇರುವವರು ಕುರಿಗಾಹಿಗಳು, ಮೀನುಗಾರರು, ಸಾಲಗಾರರು, ದಿನಗೂಲಿಗಾಗಿ ಸಂತೆಬೀದಿಯಲ್ಲಿ ಕಾಯುವವರು, ಬಂಜೆಯೆನಿಸಿಕೊಂಡ ಹೆಂಗಸರು. ಅವರ ಬದುಕು ಗೊತ್ತಿದ್ದವರು ನಮ್ಮ ಮನೆಗಳಲ್ಲಿದ್ದಾರೆ. ಅವರನ್ನು ಕೇಳುವವರಿಲ್ಲ, ಅಷ್ಟೆ.

ರೂಢಿಗೆ ತರಬೇಕಾದದ್ದು

ಒಮ್ಮೆ ಹಿಡಿದ ಪುಸ್ತಕ ಮುಗಿಯುವವರೆಗೆ ಇನ್ನೊಂದಕ್ಕೆ ಕೈಹಾಕಬಾರದು. ಗಟ್ಟಿಯಾಗಿ ಓದಬೇಕು. ಮಾರ್ಕನ ಸುವಾರ್ತೆಯನ್ನು ಹದಿನಾರು ಅಧ್ಯಾಯವೂ ಒಂದೇ ಸಂಜೆ ಗಟ್ಟಿಯಾಗಿ ಓದಬಹುದು, ಒಂದೂವರೆ ಗಂಟೆ ಸಾಕು. ಒಂದು ಸಿನಿಮಾಕ್ಕೆ ಇದಕ್ಕಿಂತ ಹೆಚ್ಚು ಹೊತ್ತು ಕೂರುತ್ತೇವೆ. ಅಧ್ಯಾಯ, ವಚನಗಳ ಅಂಕೆಗಳು ಮೂಲದಲ್ಲಿರಲಿಲ್ಲ. ಅಧ್ಯಾಯಗಳು ಹದಿಮೂರನೆಯ ಶತಮಾನದವು. ಹೊಸ ಒಡಂಬಡಿಕೆಗೆ ಈಗಿನ ವಚನದ ಅಂಕೆ ಹಾಕಿದ್ದು ರಾಬೆರ್ ಎಸ್ತಿಯೆನ್ ಎಂಬ ಮುದ್ರಕ, 1551ರಲ್ಲಿ. ಹುಡುಕಲು ಅನುಕೂಲವಾಗಲೆಂದು ಹಾಕಿದ ಅಂಕೆಯನ್ನು ಕತ್ತರಿಸುವ ಗೆರೆಯೆಂದು ತಿಳಿಯಬಾರದು.

ಯಾರು ಹೇಳುತ್ತಿದ್ದಾರೆ, ಯಾರಿಗೆ, ಯಾವ ಸಂದರ್ಭದಲ್ಲಿ, ಹಿಂದೆ ಮುಂದೆ ಏನಿದೆ, ಇದು ಹಾಡೋ ಕಾನೂನೋ ಕಾಗದವೋ ಸಾಮ್ಯವೋ. ಇಷ್ಟು ಕೇಳಿದ ಮೇಲೆಯೇ "ಇದರಲ್ಲಿ ನನಗೇನಿದೆ" ಎಂಬ ಪ್ರಶ್ನೆ. ಈಗ ಎಲ್ಲ ಕಡೆ ಅದೇ ಮೊದಲ ಪ್ರಶ್ನೆಯಾಗಿದೆ, ಬಹಳ ಮಟ್ಟಿಗೆ ಅದೊಂದೇ ಪ್ರಶ್ನೆಯಾಗಿದೆ. ಪುಸ್ತಕದ ಹಿಂಬದಿಯ ಭೂಪಟಗಳನ್ನು ಬಳಸಿ. ಯೆರೂಸಲೇಮ್ ಬೆಟ್ಟದ ಮೇಲಿದೆ, ಯೆರಿಕೋ ಸಮುದ್ರಮಟ್ಟಕ್ಕಿಂತ ಕೆಳಗಿದೆ; ನಡುವಿನ ದಾರಿ ಸುಮಾರು ಸಾವಿರ ಮೀಟರ್ ಇಳಿಯುತ್ತದೆ. ಒಳ್ಳೆಯ ಸಮಾರ್ಯದವನ ಸಾಮ್ಯದಲ್ಲಿ ಕಳ್ಳರ ಕೈಗೆ ಸಿಕ್ಕವನು ಇಳಿದು ಹೋಗುತ್ತಿದ್ದದ್ದು ಆ ನಿರ್ಜನ ಘಾಟಿಯನ್ನು. ಹಳೆಯ ಅನುವಾದದ ಪಕ್ಕದಲ್ಲಿ ಒಂದು ಸರಳ ಅನುವಾದ ಇಟ್ಟುಕೊಳ್ಳಿ. ಓದು ಬಾರದವರು ಕೇಳಲಿ. ಮೊದಲ ಶತಮಾನಗಳ ಕ್ರೈಸ್ತರಲ್ಲಿ ಹೆಚ್ಚಿನವರು ಕೇಳಿ ತಿಳಿದವರೇ.

ಮುಂದೆ ಕೂತು ನಡೆಸುವವರು ಮನೆಯ ಯಜಮಾನರೇ ಆಗಬೇಕಿಲ್ಲ. ತಿಮೊಥೆಯನ ನಂಬಿಕೆ ಅಜ್ಜಿ ಮತ್ತು ತಾಯಿಯಿಂದ ಬಂದದ್ದು. ವಾಕ್ಚತುರನಾದ ಅಪೊಲ್ಲೋಸನನ್ನು ಕರೆದುಕೊಂಡು ಹೋಗಿ ತಿದ್ದಿದ್ದು ಡೇರೆ ಹೊಲಿಯುವ ಗಂಡಹೆಂಡತಿ, ಪ್ರಿಸ್ಕಿಲ್ಲ ಮತ್ತು ಅಕ್ವಿಲ. ಯೋಷೀಯ ಅರಸನ ಕಾಲಕ್ಕೆ ದೇವಾಲಯದಲ್ಲಿ ಧರ್ಮಶಾಸ್ತ್ರದ ಗ್ರಂಥ ಸಿಕ್ಕಾಗ ಯಾಜಕನೂ ಅರಸನ ಅಧಿಕಾರಿಗಳೂ ಅದರ ಬಗ್ಗೆ ಕೇಳಲು ಹೋದದ್ದು ಹುಲ್ದ ಎಂಬ ಹೆಂಗಸಿನ ಬಳಿಗೆ. ಮಕ್ಕಳ ಪ್ರಶ್ನೆಗೆ "ಹಾಗೆಲ್ಲ ಕೇಳಬಾರದು" ಎನ್ನುವುದನ್ನು ನಮ್ಮ ಮನೆಗಳಲ್ಲಿ ನಿಷೇಧಿಸಿದ್ದೇವೆ. ನ್ಯಾಯಸ್ಥಾಪಕರು 11ರಲ್ಲಿ ಯೆಪ್ತಾಹನ ಮಗಳಿಗಾದದ್ದನ್ನು ಓದಿ ಹನ್ನೆರಡು ವರ್ಷದ ಹುಡುಗಿ ಸಿಟ್ಟಾದರೆ ಅವಳು ಸರಿಯಾಗಿ ಓದಿದ್ದಾಳೆಂದೇ ಅರ್ಥ.

ತಿಂಡಿ ಬೇಡ. ಇದು ಸಣ್ಣ ಮಾತೆನಿಸಬಹುದು, ನಮಗೆ ಮುಖ್ಯ. ಮನೆಪ್ರಾರ್ಥನೆಗೆ ಬಂದವರಿಗೆ ಒಂದು ಮನೆಯಲ್ಲಿ ಚಹಾ ಕೊಟ್ಟರೆ ಮುಂದಿನ ಮನೆಯಲ್ಲಿ ಉಪ್ಪಿಟ್ಟು, ಅದರ ಮುಂದಿನ ಮನೆಯಲ್ಲಿ ಕೇಸರಿಬಾತ್; ನಾಲ್ಕು ವಾರದಲ್ಲಿ ಬಡವರು ನಮ್ಮ ಮನೆಗೆ ಬನ್ನಿ ಎನ್ನುವುದನ್ನೇ ನಿಲ್ಲಿಸುತ್ತಾರೆ. ನೀರು ಸಾಕು. ಕಾಣಿಕೆ ಚೀಲ ತಿರುಗುವುದಿಲ್ಲ.

ಈ ಓದನ್ನು ಅನ್ಯಧರ್ಮದವರ ಹತ್ತಿರ ವಾದಕ್ಕೆ ಬಳಸುವುದಿಲ್ಲ. ಪ್ರಕಟನೆಯ ಪುಸ್ತಕದಿಂದ 666ರ ಲೆಕ್ಕ ಹಾಕಿ ವಾಟ್ಸಾಪಿಗೆ ಬಿಡುವವರಿಗೆ ನಮ್ಮಲ್ಲಿ ಜಾಗವಿಲ್ಲ. ಆ ಪುಸ್ತಕ ಇಂದಿನ ಟರ್ಕಿಯಲ್ಲಿದ್ದ ಏಳು ಸಭೆಗಳಿಗೆ, ಅವು ಕಷ್ಟದಲ್ಲಿದ್ದ ಕಾಲದಲ್ಲಿ ಬರೆದದ್ದು. ಮೊದಲು ಆ ಏಳು ಸಭೆಗಳ ಹೆಸರು ಹೇಳಲಿ, ಆಮೇಲೆ ಲೆಕ್ಕ ಹಾಕಲಿ.

ಅಯ್ಯನವರಿಗೆ

ನಿಮ್ಮ ಕೆಲಸ ಕಿತ್ತುಕೊಳ್ಳಲು ನಾವು ಹೊರಟಿಲ್ಲ. ಇಬ್ರಿಯ, ಗ್ರೀಕ್ ನಮಗೆ ಬಾರದು. ಬಲ್ಲವರು ನಮಗೆ ಬೇಕೇ ಬೇಕು. ನೆಹೆಮೀಯ 8ರಲ್ಲಿ ಎಜ್ರನು ಬೆಳಗಿನಿಂದ ಮಧ್ಯಾಹ್ನದವರೆಗೆ ಓದುವಾಗ ಲೇವಿಯರು ಜನರಿಗೆ ಅರ್ಥ ಬಿಡಿಸಿ ಹೇಳುತ್ತಿದ್ದರು. ತಿಂಗಳಿಗೊಮ್ಮೆ ನಮ್ಮ ನೋಟ್‌ಬುಕ್ಕು ಹಿಡಿದು ನಿಮ್ಮ ಹತ್ತಿರ ಬರುತ್ತೇವೆ. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎನ್ನಿ, ನಿಮ್ಮ ಮೇಲಿನ ಗೌರವ ಹೆಚ್ಚೇ ಆಗುತ್ತದೆ.

ಮನೆಯಲ್ಲಿ ಓದಿ ದಾರಿ ತಪ್ಪುತ್ತಾರೆ, ಪಂಗಡ ಕಟ್ಟುತ್ತಾರೆ ಎಂಬ ಭಯ ನಿಮಗಿದೆ. ಭಯಕ್ಕೆ ಕಾರಣ ಇಲ್ಲದಿಲ್ಲ. ಆದರೆ ನಮ್ಮ ಊರುಗಳಲ್ಲಿ ಜನ ದಾರಿ ತಪ್ಪಿದ್ದು ಹೆಚ್ಚು ಓದಿ ಅಲ್ಲ. ಎಣ್ಣೆ ಬಾಟಲಿ ಮಾರುವವನು, ವಾಸಿಯಾಗುತ್ತದೆಂದು ಮಾತ್ರೆ ಬಿಡಿಸುವವನು, ದಶಮಾಂಶ ಕೊಟ್ಟರೆ ನೂರ್ಮಡಿ ಎನ್ನುವವನು ಒಂದೊಂದು ವಚನ ಹಿಡಿದೇ ಬರುತ್ತಾರೆ. ಆ ವಚನದ ಹಿಂದುಮುಂದು ಓದಿದ ಮನೆಯಲ್ಲಿ ಅವರ ಆಟ ನಡೆಯುವುದಿಲ್ಲ. ಬೆರೋಯದವರು ಪೌಲನಂಥ ಪೌಲನ ಮಾತನ್ನೂ ದಿನವೂ ಶಾಸ್ತ್ರ ಬಿಚ್ಚಿ ಪರೀಕ್ಷಿಸಿದರು. ಅಪೊಸ್ತಲರ ಕೃತ್ಯಗಳು 17ರಲ್ಲಿ ಲೂಕ ಅದನ್ನು ಮೆಚ್ಚಿಯೇ ಬರೆದಿದ್ದಾನೆ. ಪೌಲ ಬೇಸರಪಟ್ಟನೆಂದು ಎಲ್ಲೂ ಇಲ್ಲ.

ಮೊದಲ ವರ್ಷಕ್ಕೆ ನಮ್ಮ ಪುಸ್ತಕಗಳು: ರೂತಳು, ಮಾರ್ಕ, ಫಿಲೆಮೋನನಿಗೆ ಬರೆದ 25 ವಚನಗಳ ಕಾಗದ, ಆಮೋಸ, ಕೊನೆಗೆ ಯೋಬ. ವಾರಕ್ಕೊಂದು ಸಂಜೆ, ಮುಕ್ಕಾಲು ಗಂಟೆ, ಧಾರಾವಾಹಿಯ ಹೊತ್ತು ತಪ್ಪಿಸಿ. ಒಂದು ಸತ್ಯವೇದ, ಒಂದು ಪೆನ್ಸಿಲ್, ಗೆರೆ ಹಾಕಿದ ನೂರು ಪುಟದ ನೋಟ್‌ಬುಕ್ಕು. ಈ ಪ್ರಣಾಳಿಕೆಗೆ ಸಹಿ ಬೇಕಿಲ್ಲ, ಸದಸ್ಯತ್ವವೂ ಇಲ್ಲ. ಮನೆಯವರಲ್ಲದೆ ಪಕ್ಕದ ಮನೆಯವರನ್ನೋ ಬೀದಿಯಲ್ಲಿ ಒಬ್ಬರೇ ಇರುವ ಹಿರಿಯರನ್ನೋ ಕರೆಯಿರಿ, ಈ ವಾರವೇ ರೂತಳ ಮೊದಲ ಅಧ್ಯಾಯ ತೆರೆಯಿರಿ.